ಇಷ್ಟ ಆದ ಪುಸ್ತಕ, ಹೇಳ್ಕೊಳ್ಳೋ ಪುಸ್ತಕ

"ನಿಮಗೆ ಓದಿ ಖುಷಿಯಾದ ಒಂದು ಪುಸ್ತಕದ ಬಗ್ಗೆ ಹೇಳಿ" ಅಂದ ತಕ್ಷಣ ಜನರ ಮುಖ ಹೆಂಗೆ ಬದಲಾಗ್ತದೆ ಅನ್ನೋದನ್ನ ನಾನು ಸುಮಾರು ದಿನದಿಂದ ನೋಡ್ತಾ ಇದೀನಿ. ಶಾಲೆ ಮಕ್ಕಳಾದ್ರೆ ಕೇಳಿ ಮುಗಿಯೋದ್ರೊಳಗೆ ಕೈ ಎತ್ತಿರ್ತಾರೆ. ಎಪ್ಪತ್ತು ದಾಟಿದವರು ಹೊರಗೆ ಹೋಗಿ ಕವಳ ಉಗಿದು ಬಂದು ಆರಾಮಾಗಿ ಶುರು ಮಾಡ್ತಾರೆ. ಮಧ್ಯದಲ್ಲಿ ಇದೀವಲ್ಲ, ಮೂವತ್ತರಿಂದ ಅರವತ್ತರ ಒಳಗಿನವರು, ನಾವು ಮಾತ್ರ ಒಂದು ಸಲ ಮೇಲಿನ ಹಂಚು ನೋಡಿ, ಗಂಟಲು ಸರಿ ಮಾಡ್ಕೊಂಡು, ಯಾವ ಪುಸ್ತಕದ ಹೆಸರು ಹೇಳಿದ್ರೆ ಕೂತವರು ತಲೆ ಆಡಿಸ್ತಾರೋ ಅದನ್ನ ಹೇಳ್ತೀವಿ. ಕೇಳಿದ್ದು ಖುಷಿ, ಕೊಟ್ಟ ಉತ್ತರ ಗೌರವದ್ದು. ಎರಡೂ ಬೇರೆ ಬೇರೆ ಅನ್ನೋದು ಎಲ್ಲರಿಗೂ ಗೊತ್ತು, ಆದ್ರೂ ಹಂಗೇ.

ಸಿರ್ಸಿ ಹತ್ರ ನಾವೊಂದಿಷ್ಟು ಜನ ಭಾನುವಾರ ಮಧ್ಯಾಹ್ನ ಸೇರೋ ರೂಢಿ ಇಟ್ಕೊಂಡಿದೀವಿ. ಸಂಘ ಅಲ್ಲ, ಅಧ್ಯಕ್ಷರು ಕಾರ್ಯದರ್ಶಿ ಯಾರೂ ಇಲ್ಲ, ಬ್ಯಾನರ್ ಅಂತೂ ಇಲ್ವೇ ಇಲ್ಲ. ಅಡಿಕೆ ತೋಟದವರ ಊರಾದ್ದರಿಂದ ಕೊಳೆ ರೋಗದ ಔಷಧಿ ಹೊಡೆಸೋ ಗಡಿಬಿಡೀಲಿ ಒಬ್ಬರೂ ಬರೋದಿಲ್ಲ, ಅಡಿಕೆ ಗೊನೆ ಕೊಯ್ಲು ಶುರುವಾದ್ರೆ ಮತ್ತೆ ರಜೆ. ಉಳಿದ ದಿನ ಯಾರದ್ದಾದ್ರೂ ಜಗಲಿ, ಇಲ್ಲ ಪಂಚಾಯ್ತಿ ಗ್ರಂಥಾಲಯದ ಕೋಣೆ. ಇರೋದು ಒಂದೇ ನಿಯಮ, ಓದಿ ಖುಷಿಯಾದ ಪುಸ್ತಕದ ಬಗ್ಗೆ ಮಾತ್ರ ಮಾತಾಡ್ಬೇಕು. ಈ ನಿಯಮವೇ ಎಲ್ಲಕ್ಕಿಂತ ಕಷ್ಟದ್ದು ಅಂತ ಮೊದಲು ಅನ್ನಿಸಿರಲಿಲ್ಲ.

ಒಬ್ಬರಿದ್ದಾರೆ, ಹೆಸರು ಬೇಡ, ಕಾಲೇಜಿನಲ್ಲಿ ಪಾಠ ಮಾಡೋರು. ಅವರು ಒಂದು ದಿನ ಪ್ರಪಂಚದ ಇತಿಹಾಸದ ದಪ್ಪ ಅನುವಾದವೊಂದರ ಬಗ್ಗೆ ಮಾತಾಡಿದ್ರು. ಚೆನ್ನಾಗೇ ಮಾತಾಡಿದ್ರು, ಆದ್ರೆ ಅದರಲ್ಲಿ ಅವರೇ ಇರಲಿಲ್ಲ, ಪುಸ್ತಕದ ಬೆನ್ನಿನ ರಟ್ಟಿನ ಮೇಲಿರೋ ಮಾತನ್ನೇ ಸ್ವಲ್ಪ ಉದ್ದ ಮಾಡಿದ ಹಂಗಿತ್ತು. ಆಮೇಲೆ ಚಾ ಕುಡಿಯೋ ಹೊತ್ತಿಗೆ ಯಾರೋ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಸುದ್ದಿ ತೆಗೆದ್ರು ನೋಡಿ, ಇದೇ ಸರ್ ಲೋಟ ಕೆಳಗಿಟ್ಟು ಎದ್ದು ನಿಂತೇ ಬಿಟ್ರು. ಪತ್ತೇದಾರ ಪುರುಷೋತ್ತಮ ಯಾವ ವೇಷದಲ್ಲಿ ಎಲ್ಲಿಗೆ ನುಗ್ಗಿದ್ದ, ಗಣಿತದ ನೋಟ್‌ಬುಕ್ಕಿನ ಒಳಗೆ ಇಟ್ಕೊಂಡು ಓದುವಾಗ ಅಪ್ಪ ಬಂದಿದ್ದು, ರಟ್ಟಿನ ಮೇಲಿನ ಪಿಸ್ತೂಲಿನ ಚಿತ್ರ, ಬಾಡಿಗೆ ಲೈಬ್ರರೀಲಿ ಒಂದು ದಿನಕ್ಕೆ ಎಷ್ಟು ಕೊಡ್ತಿದ್ರು, ಎಲ್ಲಾ ಬಂತು. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಬರೆದೋರು, ಕನ್ನಡದಲ್ಲಿ ಎಷ್ಟೋ ಜನಕ್ಕೆ ಓದೋ ಹುಚ್ಚು ಹಿಡಿಸಿದ್ದೇ ಅವರು, ಇದನ್ನ ಈಗ ಯಾರೂ ಅಲ್ಲಗಳೆಯೋದಿಲ್ಲ. "ಸರ್, ಇದನ್ನೇ ಒಳಗೆ ಹೇಳ್ಬಹುದಿತ್ತಲ್ಲ" ಅಂದೆ. "ಛೇ, ಅದೆಲ್ಲ ಹೇಳ್ಕೊಳ್ಳೋದಾ" ಅಂದ್ರು.

ಅವರನ್ನ ದೂರೋದಕ್ಕೆ ಇದನ್ನ ಬರೀತಾ ಇಲ್ಲ. ನಮಗೆ ಪುಸ್ತಕದ ಬಗ್ಗೆ ಮಾತಾಡೋದನ್ನ ಕಲಿಸಿದ್ದೇ ವೇದಿಕೆಗಳು. ಪುಸ್ತಕ ಬಿಡುಗಡೆ ಸಮಾರಂಭಕ್ಕೆ ಹೋಗಿ ಕೂತ್ರೆ "ಈ ಕೃತಿ ನಮ್ಮನ್ನು ಚಿಂತನೆಗೆ ಹಚ್ಚುತ್ತದೆ" ಅನ್ನೋ ವಾಕ್ಯ ಸಿಗ್ದೇ ವಾಪಸ್ ಬರೋಕಾಗಲ್ಲ. ಶಾಲೇಲಂತೂ ಪಾಠದ ಕೊನೆಗೆ "ಈ ಪಾಠದ ಸಾರಾಂಶವೇನು" ಅಂತ ಕೇಳಿದ್ರೇ ಹೊರತು ಎಲ್ಲಿ ನಗು ಬಂತು, ಎಲ್ಲಿ ಬೋರ್ ಹೊಡೀತು ಅಂತ ಯಾವ ಅಕ್ಕೋರೂ ಕೇಳಲಿಲ್ಲ. ಹಂಗಾಗಿ ನಮಗೆ ಅಭಿಪ್ರಾಯ ಅಂದ್ರೆ ಸಾರಾಂಶ, ಜೊತೆಗೆ ಒಂದೆರಡು ಹೊಗಳಿಕೆ, ಮುಗೀತು.

ಓತಿ ಮತ್ತು ಜೇನು

ಖುಷಿ ಅನ್ನೋದು ವಯಸ್ಸಿನ ಮೇಲೆ ಹೆಂಗೆ ಬೇರೆ ಬೇರೆ ಕಡೆ ಹೋಗಿ ಕೂರ್ತದೆ ಅಂತ ನಾನು ಸರಿಯಾಗಿ ಕಂಡಿದ್ದು ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ 'ಕರ್ವಾಲೊ' ಮಾತಿಗೆ ಬಂದ ದಿನ. ತೇಜಸ್ವಿ ಅಂದ್ರೆ ಈ ಕಡೆ ಎಲ್ಲರಿಗೂ ನಮ್ಮನೆ ಪಕ್ಕದವರೇ ಏನೋ ಅನ್ನೋ ಭಾವನೆ, ಅವರಿದ್ದ ಮೂಡಿಗೆರೆ ಎಲ್ಲಿದೆ ಅಂತ ಗೊತ್ತಿಲ್ದೇ ಇದ್ರೂ. ಅವತ್ತು ಎಂಟನೇ ಕ್ಲಾಸಿನ ಒಬ್ಬ ಮಾಣಿ ಎದ್ದು ನಿಂತು, ಪುಸ್ತಕ ಇಷ್ಟ ಆಯ್ತು, ಆದ್ರೆ ಓತಿ ಬರೋ ತನಕ ಸುಮಾರು ಬೋರು ಅಂದ. ಕೂತ ಹಿರಿಯರಿಗೆಲ್ಲ ಒಂದು ನಮೂನೆ ಆಯ್ತು. ಅವನು ಅಲ್ಲಿಗೇ ಬಿಡಲಿಲ್ಲ. "ಹಾರೋ ಓತಿ ನಮ್ಮನೆ ತೋಟದಲ್ಲಿ ದಿನಾ ಕಾಣ್ತು, ಅಡಿಕೆ ಮರದ ಮೇಲೆ. ಅದ್ನ ಹುಡುಕಲೆ ಅಷ್ಟೆಲ್ಲ ಜನ ಸೇರಿ ಕಾಡಿಗೆ ಎಂತಕ್ಕೆ ಹೋಗವಾಗಿತ್ತು?" ಅಂದ.

ಅವನು ಹೇಳಿದ್ದು ಪೂರ್ತಿ ಸತ್ಯ. ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಹಾರುವ ಓತಿ ಏನು ಅಪರೂಪದ್ದಲ್ಲ. ಮರದ ತೊಗಟೆಗೆ ಅಂಟಿಕೊಂಡು ಕೂತ್ರೆ ಬಣ್ಣ ಒಂದೇ ಆದ್ದರಿಂದ ಕಾಣೋದಿಲ್ಲ ಅಷ್ಟೇ. ಗಂಡು ಕುತ್ತಿಗೆಯ ಕೆಳಗಿನ ಹಳದಿ ಚರ್ಮ ಹೊರಗೆ ಚಾಚಿ ಒಳಗೆ ಎಳ್ಕೊಳ್ತಾ ಇದ್ರೆ ಆಗ ಗೊತ್ತಾಗ್ತದೆ, ಓ ಇಲ್ಲಿದೆ ಅಂತ. ಒಂದು ಮರದ ಮೇಲೆ ಹತ್ತಿ, ಪಕ್ಕೆಲುಬಿನ ಚರ್ಮ ಬಿಚ್ಚಿ, ತೇಲ್ಕೊಂಡು ಇನ್ನೊಂದು ಮರದ ನಡುಮಟ್ಟಕ್ಕೆ ಬಂದು ಕೂರ್ತದೆ, ಮತ್ತೆ ಹತ್ತೋದು. ಹೆಣ್ಣು ನೆಲಕ್ಕೆ ಇಳಿಯೋದು ಮೊಟ್ಟೆ ಇಡೋದಕ್ಕೆ. ಈ ಮಾಣಿ ಇದನ್ನೆಲ್ಲ ಪುಸ್ತಕ ಓದೋ ಮೊದಲೇ ನೋಡಿದ್ದ. ಕಾದಂಬರಿಯಲ್ಲಿ ಅವರು ಹುಡುಕ್ತಾ ಹೋಗೋದು ಕಾಲದ ಆಚೆಯಿಂದ ಬಂದ ಬೇರೆಯೇ ಥರದ ಓತಿಯನ್ನ, ಇದೇ ಅಡಿಕೆ ಮರದ ಓತಿಯನ್ನಲ್ಲ ಅಂತ ಯಾರೋ ತಿದ್ದೋಕೆ ಹೋದ್ರು. ಅವನು ಒಪ್ಪಲಿಲ್ಲ. ಅವನ ಖುಷಿ ಇದ್ದದ್ದೇ ಬೇರೆ ಕಡೆ, ನಮ್ಮನೆ ತೋಟದಲ್ಲಿ ಇರೋದೊಂದು ಪುಸ್ತಕದಲ್ಲಿ ಬಂದಿದೆ, ಅದಕ್ಕೋಸ್ಕರ ದೊಡ್ಡ ವಿಜ್ಞಾನಿಗಳೆಲ್ಲ ಎದ್ದು ಬಿದ್ದು ಓಡ್ತಾರೆ, ಅಂದ್ಮೇಲೆ ನಮ್ಮ ತೋಟ ಸುಮ್ನೆ ಅಲ್ಲ ಅನ್ನೋದರಲ್ಲಿ.

ಆಗ ಮೂಲೇಲಿ ಕೂತಿದ್ದ ಅಜ್ಜ ಮಾತಿಗೆ ಬಂದ್ರು. ಮೊದಲು ಜೇನು ಸಾಕ್ತಿದ್ದವರು. "ಓತಿ ಗೀತಿ ಎಂಗೆ ಗೊತ್ತಿಲ್ಲೆ ತಮಾ. ಸುರೂವಿಗೆ ಜೇನು ಸೊಸೈಟಿ ಸುದ್ದಿ ಬತ್ತಲಾ, ಆ ಪುಟ ಇದ್ದಲಾ, ಆನು ಅದ್ನೇ ಮತ್ತೆ ಮತ್ತೆ ಓದಿದ್ದಿ." ಮಾಣಿಗೆ ಬೋರ್ ಹೊಡೆದ ಪುಟಗಳೇ ಅವು. ಅಜ್ಜಂಗೆ ಅದರಲ್ಲಿ ಏನು ಸಿಕ್ತು ಅಂತ ಅರ್ಥ ಆಗೋದಕ್ಕೆ ಒಂದು ವಿಷಯ ಗೊತ್ತಿರ್ಬೇಕು. 'ಕರ್ವಾಲೊ' ಬಂದಿದ್ದು 1980ರಲ್ಲಿ. 1991-92ರ ಹೊತ್ತಿಗೆ ನಮ್ಮ ಕಡೆ ಪೆಟ್ಟಿಗೇಲಿ ಸಾಕೋ ತುಡುವೆ ಜೇನಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ಬಂತು. ಮರಿಹುಳ ಕೋಶಕಟ್ಟೋ ಮೊದಲೇ ಚೀಲದ ಹಂಗೆ ಊದಿ ಸಾಯ್ತದೆ, ಸ್ವಲ್ಪ ದಿನಕ್ಕೆ ಪೆಟ್ಟಿಗೆ ಪೂರ್ತಿ ಖಾಲಿ. ದಕ್ಷಿಣ ಭಾರತದಲ್ಲಿ ಸಾಕಿದ್ದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಹೋಗಿಬಿಟ್ವು. ಈ ಅಜ್ಜ ಆ ಪುಸ್ತಕ ಓದಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ, ಮೊಮ್ಮಗಳು ತಂದಿಟ್ಟಿದ್ದು ಕೈಗೆ ಸಿಕ್ತು ಅಂತ. ಅವರ ಪೆಟ್ಟಿಗೆಗಳು ಅಷ್ಟೊತ್ತಿಗೆ ಖಾಲಿಯಾಗಿ ಅಟ್ಟ ಸೇರಿದ್ವು. ಪುಸ್ತಕದಲ್ಲಿ ಮಾತ್ರ ಪೆಟ್ಟಿಗೆ ತುಂಬಾ ಹುಳ, ಸೊಸೈಟೀಲಿ ಜೇನು, ಅದಕ್ಕೆ ಬಂದು ಹೋಗೋ ಜನ. ಅವರು ಬೇಜಾರಿನ ಮಾತು ಒಂದೂ ಆಡಲಿಲ್ಲ. ಆವಾಗ ಜೇನು ಸೊಸೈಟಿಗೆ ಹೋದ್ರೆ ಎಂಥ ವಾಸನೆ ಬರ್ತಿತ್ತು ಅನ್ನೋದನ್ನ ಹೇಳಿದ್ರು, ಮೇಣದ್ದು, ಬೆಲ್ಲದ್ದು ಅಲ್ಲದ ಒಂದು ಸಿಹಿಯದ್ದು, ಹೊಗೆಯದ್ದು.

ಯಾವ ವಿಮರ್ಶೆಯಲ್ಲೂ ನಾನು ಇದನ್ನ ಓದಿಲ್ಲ. ವಿಮರ್ಶಕರಿಗೆ ಗೊತ್ತಿಲ್ಲ ಅಂತಲ್ಲ, ಅವರು ಪುಸ್ತಕದ ಬಗ್ಗೆ ಹೇಳ್ಬೇಕು, ಅಜ್ಜಂಗೆ ಆ ಜವಾಬ್ದಾರಿ ಇರಲಿಲ್ಲ. ಮಾಣಿಗೂ ಇರಲಿಲ್ಲ. ಪರೀಕ್ಷೆಗೆ ಅದು ಬರಲ್ಲ ಅನ್ನೋದು ಒಬ್ಬಂಗೆ ಗೊತ್ತು, ತಾನು ಇನ್ನು ಯಾವ ಪರೀಕ್ಷೆಗೂ ಕೂರೋದಿಲ್ಲ ಅನ್ನೋದು ಇನ್ನೊಬ್ಬರಿಗೆ ಗೊತ್ತು. ಅವತ್ತು ಸಂಜೆ ತನಕ ಇಬ್ಬರೂ ಜಗಳ ಆಡಿದ್ರು, ಯಾವ ಭಾಗ ಚೊಲೋ ಅಂತ. ಕಾದಂಬರಿಯ ಮಂದಣ್ಣನ ಮದುವೆ ಭಾನಗಡಿ ಚೊಲೋ ಇದೆ ಅನ್ನೋದೊಂದರಲ್ಲಿ ಮಾತ್ರ ರಾಜಿ ಆಯ್ತು.

ಚೊಗರು ಹತ್ತಿದ ಕೈ

ನನ್ನ ತವರು ಘಟ್ಟದ ಕೆಳಗೆ, ಕುಮಟಾ ಕಡೆ. ಡಿಸೆಂಬರ್ ರಜೆ ಬಂತು ಅಂದ್ರೆ ದೇವಿಮನೆ ಘಟ್ಟ ಹತ್ತಿ ದೊಡ್ಡಾಯಿ ಮನೆಗೆ ಬರ್ತಿದ್ವಿ. ಆ ಹೊತ್ತಿಗೆ ಅಲ್ಲಿ ಅಡಿಕೆ ಸುಲಿಯೋದು. ರಾತ್ರಿ ಊಟ ಆದ್ಮೇಲೆ ಅಂಗಳದ ಚಪ್ಪರದ ಅಡಿಗೆ ಒಂದು ಬಲ್ಬು ಇಳಿಬಿಟ್ಟು, ಹಸಿ ಅಡಿಕೆ ರಾಶಿ ಸುತ್ತ ಎಲ್ಲರೂ ಕತ್ತಿ ಹಿಡ್ಕೊಂಡು ಕೂರೋದು, ಮನೆಯವರು, ಕೆಲಸಕ್ಕೆ ಬಂದ ಹೆಂಗಸರು, ಪಕ್ಕದ ಮನೆಯವರು. ಹಸಿ ಅಡಿಕೆಯ ಚೊಗರು ಕೈಗೆ ಹತ್ತಿದ್ರೆ ವಾರಗಟ್ಟಲೆ ಕಪ್ಪು ಹೋಗೋದಿಲ್ಲ. ಆ ಕೈಯಲ್ಲಿ ಪುಸ್ತಕ ಮುಟ್ಟೋಕಾಗಲ್ಲ. ಹಾಗಾಗಿ ಕತ್ತಿ ಹಿಡಿಯೋದಕ್ಕೆ ಇನ್ನೂ ವಯಸ್ಸಾಗದ, ಕೈ ಸ್ವಚ್ಛ ಇರೋ ಮಕ್ಕಳಿಗೆ ಓದೋ ಕೆಲಸ. ನಾನು ಹೆಚ್ಚುಕಮ್ಮಿ ಕನ್ನಡ ಗಟ್ಟಿಯಾಗಿ ಓದೋದು ಕಲಿತಿದ್ದೇ ಅಲ್ಲಿ.

ಓದ್ತಿದ್ದದ್ದು ಧಾರಾವಾಹಿ. ಆಗಿನ ಮನೆಗಳಲ್ಲಿ 'ಸುಧಾ', 'ತರಂಗ'ದ ಧಾರಾವಾಹಿ ಪುಟಗಳನ್ನ ವಾರ ವಾರ ಬಿಚ್ಚಿಟ್ಕೊಂಡು, ಎಲ್ಲಾ ಮುಗಿದ ಮೇಲೆ ದಬ್ಬಣದಲ್ಲಿ ತೂತು ಮಾಡಿ ದಾರ ಹಾಕಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕೋರು ಅಲ್ವಾ, ಅಂಥದ್ದು ದೊಡ್ಡಾಯಿ ಹತ್ರ ಒಂದು ಪೆಟ್ಟಿಗೆ ಇತ್ತು. ಅದು ಊರೆಲ್ಲ ತಿರುಗಿ ಬರ್ತಿತ್ತು. ಒಂದು ಸಲ ಹಿಂಗೇ ಓದ್ತಾ ಇದ್ದೆ, ನಾಯಕಿ ರೈಲು ಹತ್ತೋ ಜಾಗಕ್ಕೆ ಬಂದು ಪುಟ ತಿರುವಿದ್ರೆ ಅವಳು ಆಗಲೇ ಗಂಡನ ಮನೇಲಿ ಅಳ್ತಾ ಇದ್ಲು. ಮಧ್ಯದ ಒಂದು ವಾರದ ಕಂತೇ ಇಲ್ಲ. ಆ ವಾರದ ಸಂಚಿಕೆ ಯಾರೋ ಒಯ್ದವರು ವಾಪಸ್ ಕೊಟ್ಟಿರಲಿಲ್ಲ, ಯಾರು ಅಂತ ದೊಡ್ಡಾಯಿಗೆ ಚೆನ್ನಾಗೇ ಗೊತ್ತಿತ್ತು, ಅವರು ಅಲ್ಲೇ ಎದುರಿಗೆ ಕೂತು ಅಡಿಕೆ ಸುಲೀತಾನೂ ಇದ್ರು.

ಈಗೇನು ಮಾಡೋದು? ಕೆಲಸಕ್ಕೆ ಬರ್ತಿದ್ದ ಒಬ್ಬ ಹೆಂಗಸು, ಅವಳಿಗೆ ಓದೋಕೆ ಬರ್ತಿರಲಿಲ್ಲ, ಕತ್ತಿಯಿಂದ ಕಣ್ಣು ಎತ್ತದೇ "ರೈಲಲ್ಲಿ ಅವಳಿಗೆ ಅವನು ಸಿಕ್ಕಿರ್ತಾನೆ ಅಮಾ, ಸಿಕ್ಕಿ, ಮಾತಾಡಿಸ್ದೇ ಹೋಗಿರ್ತಾನೆ, ಅದ್ಕೇ ಈ ನಮೂನಿ ಅಳೋದು" ಅಂದ್ಲು. ಇನ್ನೊಬ್ಬರು ಇಲ್ಲ, ಅವಳು ರೈಲು ತಪ್ಪಿಸ್ಕೊಂಡಿದ್ದಾಳೆ ಅಂದ್ರು. ದೊಡ್ಡಪ್ಪ ಆ ತನಕ ಕಥೆ ಕೇಳ್ತಾ ಇದ್ದಾರೆ ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ, ಅವರು ಆ ಕಾಲಕ್ಕೆ ಹುಬ್ಬಳ್ಳಿಗೆ ಯಾವ ರೈಲು ಎಷ್ಟೊತ್ತಿಗೆ ಹೋಗ್ತಿತ್ತು ಅಂತ ಶುರು ಮಾಡಿದ್ರು. ಆ ರಾತ್ರಿ ಓದು ಮುಂದೆ ಹೋಗಲೇ ಇಲ್ಲ, ಇಲ್ಲದ ಕಂತಿನ ಮೇಲೇ ಒಂದು ರಾಶಿ ಅಡಿಕೆ ಸುಲಿದು ಮುಗೀತು. ಎಷ್ಟೋ ವರ್ಷದ ಮೇಲೆ ಆ ಕಾದಂಬರಿ ಪುಸ್ತಕವಾಗಿ ಸಿಕ್ತು. ಮೊದಲು ಹುಡುಕಿ ಓದಿದ್ದು ಆ ಕಂತು. ಅದರಲ್ಲಿ ಅಂಥ ಏನೂ ಇರಲಿಲ್ಲ, ಅವಳು ರೈಲಲ್ಲಿ ಕೂತು ಬಾಲ್ಯ ನೆನಪು ಮಾಡ್ಕೊಳ್ತಾಳೆ ಅಷ್ಟೇ. ಆ ಹೆಂಗಸು ಹೇಳಿದ ಕಂತೇ ಚೊಲೋ ಇತ್ತು, ಇದು ನನ್ನ ಖಚಿತ ಅಭಿಪ್ರಾಯ.

ಓದುಗರು ಅಂತ ಲೆಕ್ಕ ಹಾಕುವಾಗ ಅವಳನ್ನ ಯಾರೂ ಸೇರಿಸೋದಿಲ್ಲ. ಸೇರಿಸ್ಬೇಕು ಅಂತ ನನ್ನ ವಾದ.

1928ರ ಇಬ್ಬರು

ಇನ್ನೊಂದು ನನ್ನನ್ನ ಕೊರೀತಾ ಇರೋ ವಿಷಯ. ನಮ್ಮ ಭಾನುವಾರಕ್ಕೆ ಬರೋ ಹೆಂಗಸರಲ್ಲಿ ಐವತ್ತು ದಾಟಿದ ಸುಮಾರು ಜನ ಮಾತು ಶುರು ಮಾಡೋದೇ "ನಾನು ಓದಿದ್ದು ದೊಡ್ಡ ಸಾಹಿತ್ಯ ಅಲ್ಲ ಮಾರಾಯ್ರೆ" ಅಂತ. ಆಮೇಲೆ ಕಾದಂಬರಿಗಾರ್ತಿ ತ್ರಿವೇಣಿ ಹೆಸರು ಬರ್ತದೆ. ಅದೇ ಗಂಡಸರು ಯಶವಂತ ಚಿತ್ತಾಲರ ಕಾದಂಬರಿ 'ಶಿಕಾರಿ' ಅಂತ ಹೇಳುವಾಗ ಈ ಪೀಠಿಕೆ ಇರೋದಿಲ್ಲ. ಚಿತ್ತಾಲರು ಬಿಡಿ, ನಮ್ಮ ಕರಾವಳಿಯ ಹನೇಹಳ್ಳಿಯವರು, ಅವರ ಬಗ್ಗೆ ಹೆಮ್ಮೆ ನನಗೂ ಇದೆ, ಬದುಕಿನ ಬಹುಪಾಲು ಮುಂಬೈಲಿದ್ದು ಹನೇಹಳ್ಳಿಯನ್ನ ಬರೆದೋರು. ಆದ್ರೆ ನೋಡಿ, ತ್ರಿವೇಣಿ ಹುಟ್ಟಿದ್ದು 1928, ಯಶವಂತ ಚಿತ್ತಾಲರು ಹುಟ್ಟಿದ್ದೂ 1928. ಇಬ್ಬರೂ ಬರೆದದ್ದು ಮನುಷ್ಯನ ಮನಸ್ಸು ಒಳಗೊಳಗೇ ಹೆಂಗೆ ಕುಸೀತದೆ ಅನ್ನೋದನ್ನ. ತ್ರಿವೇಣಿಯವರ 'ಶರಪಂಜರ'ದ ಕಾವೇರಿಗೆ ಹೆರಿಗೆ ಆದ್ಮೇಲೆ ಬುದ್ಧಿ ಕೆಡ್ತದೆ, ಆಸ್ಪತ್ರೇಲಿ ಗುಣ ಆಗಿ ಬರ್ತಾಳೆ, ಆದ್ರೆ ಮನೆಯವರ ಕಣ್ಣಿನಲ್ಲಿ ಅವಳು ಗುಣ ಆಗೋದೇ ಇಲ್ಲ. 'ಶಿಕಾರಿ'ಯ ನಾಗಪ್ಪ ಕಂಪನೀಲಿ ಇದ್ದಕ್ಕಿದ್ದ ಹಂಗೆ ಸಂಶಯಕ್ಕೆ ಸಿಕ್ಕು, ಯಾರು ತನ್ನ ಬೆನ್ನು ಹತ್ತಿದ್ದಾರೆ ಅಂತ ತಿಳೀದೇ ತನ್ನನ್ನ ತಾನೇ ತಿಂತಾನೆ. ಒಂದು ಮನೆಯೊಳಗಿಂದು, ಇನ್ನೊಂದು ಆಫೀಸಿಂದು. ತ್ರಿವೇಣಿ 1963ರಲ್ಲೇ ತೀರಿಕೊಂಡ್ರು, ಮೂವತ್ತೈದು ತುಂಬಿರಲಿಲ್ಲ. 'ಶಿಕಾರಿ' ಬಂದಿದ್ದು 1979ರಲ್ಲಿ. ಶೈಲಿ ಬೇರೆ, ಆಳ ಬೇರೆ, ಎಲ್ಲಾ ಒಪ್ಪಿದೆ, ಆದ್ರೆ ಒಂದನ್ನ ಹೇಳೋ ಮೊದಲು ಕ್ಷಮೆ ಕೇಳ್ಬೇಕು, ಇನ್ನೊಂದನ್ನ ಹೇಳಿದ್ರೆ ಸಾಕು, ಓದಿರಬೇಕು ಅಂತಲೂ ಇಲ್ಲ ಅನ್ನೋದು ಎಲ್ಲಿಯ ನ್ಯಾಯ?

'ಶಿಕಾರಿ'ಯನ್ನ ನಿಜವಾಗಲೂ ಖುಷಿಪಟ್ಟು ಓದಿದ ಒಬ್ಬರನ್ನ ನಾನು ಕಂಡಿದ್ದು ಅಂಕೋಲೆಯಲ್ಲಿ. ಮುಂಬೈ ಕಂಪನಿಯೊಂದರಲ್ಲಿ ಕೆಲಸ ಮಾಡಿ ರಿಟೈರ್ ಆಗಿ ಊರಿಗೆ ಬಂದವರು, ನಮ್ಮ ಕರಾವಳೀಲಿ ಮನೆಗೊಬ್ಬರು ಹಂಗೆ ಮುಂಬೈಗೆ ಹೋದೋರು ಇದ್ದೇ ಇರ್ತಾರಲ್ಲ. ಅವರಿಗೆ ಅಸ್ತಿತ್ವದ ಪ್ರಶ್ನೆ, ನವ್ಯ, ಅದ್ಯಾವುದೂ ಬೇಕಾಗಿಲ್ಲ. "ಮೇಡಂ, ಆ ಮ್ಯಾನೇಜರ್ ಫೋನ್ ಮಾಡಿ ಸಕ್ಕರೆ ಹಂಗೆ ಮಾತಾಡ್ತಾನಲ್ಲ, ಹಂಗೆ ಮಾತಾಡಿದ ಅಂದ್ರೆ ಮರುದಿನ ಕಾಗದ ಬಂತು ಅಂತಲೇ ಲೆಕ್ಕ" ಅಂತ ನಕ್ಕರು. ಅರ್ಧ ಗಂಟೆ ತಮ್ಮ ಆಫೀಸಿನ ಭಾನಗಡಿ ಹೇಳಿದ್ರು, ಮಧ್ಯೆ ಮಧ್ಯೆ ನಾಗಪ್ಪನನ್ನ ತಮ್ಮ ಸಹೋದ್ಯೋಗಿಯ ಹಂಗೆ "ಅವನು ಸ್ವಲ್ಪ ಹೆದರುಪುಕ್ಕ" ಅಂತ ಬೈದ್ರು. ಚಿತ್ತಾಲರೂ ಮುಂಬೈಯಲ್ಲಿ ರಾಸಾಯನಿಕ ಉದ್ಯಮದಲ್ಲಿ ಕೆಲಸ ಮಾಡಿದೋರೇ. ಇವರು ಓದಿದ ಹಂಗೆ ಓದಿದ್ರೆ ಅವರಿಗೂ ಬೇಜಾರಾಗ್ತಿರಲಿಲ್ಲ ಅಂದ್ಕೊಳ್ತೀನಿ.

ಬರೆದಿಡೋ ಜಾಗ

ಕುಮಟಾದಲ್ಲಿ ನಾನು ಸಣ್ಣವಳಿದ್ದಾಗ ತರ್ತಿದ್ದ ಲೈಬ್ರರಿ ಪುಸ್ತಕಗಳ ಕೊನೇ ಪುಟದಲ್ಲಿ, ವಾಪಸ್ ಕೊಡೋ ತಾರೀಕಿನ ಚೀಟಿ ಕೆಳಗೆ, ಪೆನ್ಸಿಲ್ಲಿನಲ್ಲಿ ಜನ ಬರೆದಿಟ್ಟಿರ್ತಿದ್ರು. "ಸೂಪರ್". "ಕಣ್ಣಲ್ಲಿ ನೀರು ಬಂತು". "ಕೊನೆ ಸರಿ ಇಲ್ಲ, ಓದಿ ಟೈಂ ವೇಸ್ಟ್". ಇನ್ನೊಬ್ಬರ ಕೈಬರಹದಲ್ಲಿ ಅದರ ಕೆಳಗೇ "ನಿನಗೆ ಅರ್ಥ ಆಗಿಲ್ಲ". ಪತ್ತೇದಾರಿಗಳಲ್ಲಿ ಮಾತ್ರ ಒಂದು ದುಷ್ಟ ಜಾತಿ ಇತ್ತು, ಮೊದಲನೇ ಅಧ್ಯಾಯದಲ್ಲೇ ಒಬ್ಬನ ಹೆಸರಿಗೆ ಗೆರೆ ಎಳೆದು "ಇವನೇ ಕೊಲೆಗಾರ" ಅಂತ ಬರೆಯೋರು. ಬರೆದೋರ ವಯಸ್ಸು ಅಕ್ಷರ ನೋಡಿದ್ರೆ ಗೊತ್ತಾಗ್ತಿತ್ತು. ಹೆಸರಿಲ್ಲ, ವೇದಿಕೆ ಇಲ್ಲ, ಹಾಗಾಗಿ ಸುಳ್ಳೂ ಇಲ್ಲ.

ಈಗ ಪಂಚಾಯ್ತಿ ಗ್ರಂಥಾಲಯಗಳು ಮೊದಲಿನ ಹಂಗಿಲ್ಲ. 2019ರಲ್ಲಿ ಅವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ, 2020ರಲ್ಲಿ 'ಓದುವ ಬೆಳಕು' ಅಂತ ಮಾಡಿ ಆರರಿಂದ ಹದಿನೆಂಟರ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಆದ್ಮೇಲೆ, ಮಕ್ಕಳು ಬರೋದು ಕಣ್ಣಿಗೆ ಕಾಣ್ತದೆ. ನಮ್ಮ ಗ್ರಂಥಾಲಯದ ಮೇಲ್ವಿಚಾರಕಿ ಗಟ್ಟಿಗಿತ್ತಿ. ಪುಸ್ತಕದ ಕೊನೇ ಪುಟದಲ್ಲಿ ಪೆನ್ಸಿಲ್ಲಲ್ಲಿ ಬರೆಯೋಕೆ ಬಿಡಿ ಅಂತ ನಾವು ಕೇಳಿದ್ದಕ್ಕೆ "ಆಡಿಟ್ ಬಂದಾಗ ನೀವು ಬಂದು ಉತ್ತರ ಕೊಡ್ತೀರಾ" ಅಂದ್ರು. ಕೊನೆಗೆ ಒಂದು ನೂರು ಪುಟದ ನೋಟ್‌ಬುಕ್ ದಾರ ಕಟ್ಟಿ ಟೇಬಲ್ಲಿಗೆ ಇಳಿಬಿಡೋದಕ್ಕೆ ಒಪ್ಪಿದ್ರು. ಷರತ್ತು ಎರಡೇ, ಹೆಸರು ಬರೀಬಾರ್ದು, "ಉತ್ತಮ ಕೃತಿ" ಅಂತ ಬರೀಬಾರ್ದು. ಎರಡನೇದು ಅವರದ್ದೇ ಐಡಿಯಾ.

ಮೊನ್ನೆ ಹೋದಾಗ ತೆಗೆದು ನೋಡಿದೆ. ಒಂದು ಪುಟದಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ "ಇದ್ರಲ್ಲಿ ನಾಯಿ ಸಾಯ್ತದೆ, ನಾಯಿ ಸಾಕಿದವ್ರು ಓದ್ಬೇಡಿ" ಅಂತಿತ್ತು. ಇನ್ನೊಂದು ಕಡೆ ಯಾರೋ "ಪುಟ 88ರಿಂದ ಚೊಲೋ ಇದ್ದು, ಅದ್ಕಿಂತ ಮೊದಲಿಂದು ಬ್ಯಾಡ" ಅಂತ ಬರೆದಿದ್ರು. ಅದರ ಕೆಳಗೆ ನಡುಗೋ ಕೈಯಲ್ಲಿ, ಮಸಿ ಪೆನ್ನಿನಲ್ಲಿ: "ಪುಟ 88ರ ವರೆಗೆ ಮಾತ್ರ ಓದಿ."